ತಿಂಗಳಿಗೊಮ್ಮೆ ತಂಗಿ

ಲಾರಿ ಡ್ರೈವರನೊಬ್ಬನನ್ನು ಮನಸಾರೆ ಪ್ರೀತಿಸಿದ ಟೈಲರ್ ಹುಡುಗಿಗೆ, ತಿಂಗಳಿಗೊಮ್ಮೆ ಫೋನಿನಲ್ಲಿ ಅವನನ್ನು ಅಣ್ಣಾ ಎಂದು ಕರೆಯುವ ಗ್ರಹಚಾರ ಬಂದಿತ್ತು.

ತಪ್ಪು ಅವಳದೇ. ಲಾರಿಯಲ್ಲಿ ಯಾರೋ ಅಡಗಿಸಿಟ್ಟ ಕಳ್ಳಮಾಲಿನ ದೆಸೆಯಿಂದ ಪರದೇಶದಲ್ಲಿ ಅವನು ಜೈಲು ಸೇರಿದಾಗ, ಎದ್ದೆನೋ ಬಿದ್ದೆನೋ ಎಂದು ಸರ್ಕಾರಿ ಕಚೇರಿಗೆ ಓಡಿದ್ದಳು.

"ಫೋನಲ್ಲಿ ಮಾತಾಡೋಕೆ ಮನೆಯವರಿಗೆ ಮಾತ್ರ ಅವಕಾಶ. ಅವರಿಗೆ ನೀವು ಏನಾಗ್ಬೇಕು?" ಎಂದು ಅಧಿಕಾರಿ ಮೇಡಂ ಕೇಳಿದ್ದರು.

ಹೆಂಡತಿ ಎಂದರೆ ಮದುವೆಯ ದಾಖಲೆ ಕೇಳಿಯಾರೆಂದು ಹೆದರಿ, "ತಂಗಿ" ಎಂದುಬಿಟ್ಟಳು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಅಲ್ಲಗಳೆಯುವವರೂ ಇರಲಿಲ್ಲ.

ಮೇಡಂ ಕಚೇರಿಯಿಂದ ಮಾಡಿದ ಮೊದಲ ಕರೆಯಲ್ಲಿ "ಅಣ್ಣಾ, ನಾನು, ನಿನ್ನ ತಂಗಿ" ಎಂದಾಗ ಆ ಕಡೆಯಿಂದ ನಗು ತಡೆದುಕೊಂಡ ದನಿ.

"ಹೇಳಮ್ಮ ತಂಗಿ. ನನ್ನ ಶರ್ಟಿಗೆ ಗುಂಡಿ ಹಾಕಿದ್ಯಾ?"

"ಹಾಕಿದೀನಿ. ಬಂದು ತೊಟ್ಕೊಂಡು ನೋಡು."

ಕನ್ನಡ ಬಲ್ಲ ಜೈಲಿನ ದುಭಾಷಿ ಲೈನಿನಲ್ಲಿದ್ದು ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ. ಇತ್ತ ಅವಳ ಕೆನ್ನೆ ಕೆಂಪಾದದ್ದನ್ನು ಕಂಡೂ ಕಾಣದಂತೆ ಮೇಡಂ ಕಿಟಕಿಯತ್ತ ತಿರುಗಿದರು.

ಮೇಡಂ ಕೈಕಟ್ಟಿ ಕೂರುವವರಲ್ಲ. ರಾಯಭಾರ ಕಚೇರಿಯ ಮೂಲಕ ವಕೀಲರನ್ನು ಗೊತ್ತುಮಾಡಿಸಿದರು, ಆ ದೇಶದ ಮಂತ್ರಿಗಳಿಗೆ ಮನವಿ ಮೇಲೆ ಮನವಿ ಕಳಿಸಿದರು. ಆದರೂ ಮೇಲಿನ ಕೋರ್ಟಿನಲ್ಲಿ ಅಪೀಲು ವಜಾ ಆಯಿತು. ಇನ್ನೂ ಹನ್ನೆರಡು ವರ್ಷ.

"ಕ್ಷಮಾದಾನ ಕೇಳ್ತಾನೇ ಇರ್ತೀವಿ. ಆದರೆ ಇಂಥ ದಿನ ಬಿಡ್ತಾರೆ ಅಂತ ಮಾತು ಕೊಡೋಕಾಗಲ್ಲಮ್ಮ" ಎಂದರು.

ಆ ತಿಂಗಳ ಕರೆಯಲ್ಲಿ ಅವನ ದನಿಯಲ್ಲಿ ಎಂದಿನ ತುಂಟತನವಿರಲಿಲ್ಲ.

"ಒಬ್ಬ ಒಳ್ಳೇ ಹುಡುಗನ್ನ ನೋಡಿ ಮದುವೆ ಆಗು. ಅಣ್ಣ ಹೇಳ್ತಿದೀನಿ, ಕೇಳ್ಬೇಕು."

ಅವಳ ಸುಳ್ಳನ್ನೇ ಹಿಡಿದುಕೊಂಡು ಅವನು ಅವಳನ್ನು ಬಿಟ್ಟುಕೊಡುತ್ತಿದ್ದ. ಹೂಂ ಎಂದರೆ ತಿಂಗಳಿಗೊಮ್ಮೆ ಅವನ ದನಿಯಾದರೂ ಉಳಿಯುತ್ತದೆ. ನಿಜ ಹೇಳಿ ದುಭಾಷಿಗೆ ಗೊತ್ತಾದರೆ ಅದೂ ಅಲ್ಲಿಗೇ ಮುಗಿಯಿತು. ಎದುರಿಗಿದ್ದ ಮೇಡಂ ಹೇಳಬೇಡವೆಂದು ಮೆಲ್ಲಗೆ ತಲೆಯಾಡಿಸಿದರು.

"ನೀನು ನನಗೆ ಅಣ್ಣ ಅಲ್ಲ" ಎಂದಳು. "ಒಂದು ದಿನಾನೂ ಆಗಿರ್ಲಿಲ್ಲ. ನನಗೆ ನೀನೇ ಬೇಕು. ಎಷ್ಟು ವರ್ಷ ಆದ್ರೂ ಕಾಯ್ತೀನಿ."

ದುಭಾಷಿ ಏನೋ ಗದರಿದ್ದು ಕೇಳಿಸಿತು.

"ಅಯ್ಯೋ ಹುಚ್ಚಿ" ಎಂದ ಅವನು. ಅಳು ಒತ್ತರಿಸಿ ಬಂದಿತ್ತು. "ಇನ್ಮೇಲೆ ನಿನ್ನ ದನಿ ಕೇಳೋದು ಹೇಗೆ ನಾನು?"

"ನೀನೇ ಬಾ. ಎದುರಿಗೆ ಕೂರಿಸ್ಕೊಂಡು..." ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

"ಇನ್ನು ಕರೆ ಕೊಡಲ್ಲ ಅವರು. ಗೊತ್ತಿತ್ತಲ್ಲ ನಿನಗೆ?" ಎಂದರು ಮೇಡಂ.

"ಗೊತ್ತಿತ್ತು. ನನ್ನ ಕೈಲಿ ಹೂಂ ಅನ್ನೋಕಾಗ್ಲಿಲ್ಲ ಮೇಡಂ" ಎಂದವಳು, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.