ಹಲ್ಲುನೋವಿಗೆ ಕೊಟ್ಟ ನೀಲಿ ಮಾತ್ರೆ

"ಶುಕ್ರವಾರ ಫೈರ್ ಹಾಲ್‌ಗೆ ಬರ್ತೀಯಲ್ಲ?" ಎಂದಳು ವರ್ನಾ. "ಮುಂದಿನ ಸಾಲಲ್ಲಿ ಕೂತ್ಕೋ. ಆ ನೀಲಿ ಶರ್ಟ್ ಹಾಕ್ಕೊಂಡು ಬಾ."

ಹಾರ್ಲನ್ ಗ್ಯಾರೇಜಿನ ಬಾಗಿಲಲ್ಲಿ ಗ್ರೀಸು ಮೆತ್ತಿದ ಕೈ ಒರೆಸಿಕೊಂಡ. "ನನ್ನ ಜೊತೆ ಮಾತೇ ಬಿಟ್ಟಿದ್ದೆ ನೀನು. ಶರ್ಟ್ ಮಾತ್ರ ನೆನಪಿದೆಯಾ?"

"ನಿಂದು ಯಾವುದನ್ನೂ ಮರೆತಿಲ್ಲ ಕಣೋ."

ಅವಳು ಕಣ್ಣೆತ್ತಿ ನೋಡಿದಳು, ನಿಧಾನವಾಗಿ. ಹಿಂದೆಲ್ಲ ಈ ನೋಟಕ್ಕೆ ಅವನ ಕಿವಿ ಕೆಂಪಾಗುತ್ತಿತ್ತು. ಈಗಲೂ ಆಯಿತು. ಅದನ್ನು ಕಂಡು, ಇವನು ಬಂದೇ ಬರುತ್ತಾನೆ ಎಂದುಕೊಂಡಳು.

ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಗಣಿ ಕೆಲಸಕ್ಕೆ ಮುರಿದ ಬೆನ್ನುಗಳೇ ಹೆಚ್ಚು. ನೋವೆಂದರೆ ನೆರೆಯವರು ಮಾಂಸ ತುಂಬಿ ಬೇಯಿಸಿದ ಪೆಪ್ಪರೋನಿ ರೋಲ್ ಜೊತೆಗೆ ತಮ್ಮಲ್ಲಿದ್ದ ಒಂದು ಮಾತ್ರೆಯನ್ನೂ ತಂದುಕೊಡುತ್ತಾರೆ. ಅಲ್ಲಿ ಅದು ಒಳ್ಳೆಯತನ. ಅವಳ ತಮ್ಮ ಕೋಲ್ಬಿಯ ಹಲ್ಲುನೋವಿಗೆ ಹಾರ್ಲನ್ ಕೊಟ್ಟಿದ್ದೂ ಹಾಗೆಯೇ.

"ಹಾರ್ಲನ್ ಮಾತ್ರೆ ಕೊಟ್ಟ ಅಕ್ಕಾ, ಮಲಗ್ತೀನಿ," ಎಂದು ಫೋನಿಟ್ಟ ಕೋಲ್ಬಿ ಸೋಫಾದಿಂದ ಮತ್ತೆ ಏಳಲೇ ಇಲ್ಲ. ಔಷಧಿ ಅಂಗಡಿಯ ಮಾತ್ರೆಯಂತೆಯೇ ಅಚ್ಚಾಗಿದ್ದ ಆ ನಕಲಿಯೊಳಗೆ ಇದ್ದದ್ದು ಫೆಂಟನಿಲ್, ಚಿಟಿಕೆಯಷ್ಟಕ್ಕೇ ಉಸಿರು ನಿಲ್ಲಿಸುವ ಮಾದಕದ್ರವ್ಯ.

ಆ ಫೋನಿನ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಪೊಲೀಸರಿಗೂ. ಆ ಹೆಸರನ್ನು ಚಳಿಗಾಲವಿಡೀ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಊರೆಲ್ಲ ಸೇರಿದಾಗ ಅವನ ಮುಖದ ಮೇಲೆ ಉಗಿಯಬೇಕಿತ್ತು.

ಶುಕ್ರವಾರ ಸಂಜೆ ಅಗ್ನಿಶಾಮಕ ಠಾಣೆಯ ಆ ಹಾಲ್ ತುಂಬಿತ್ತು. ನಕಲಿ ಮಾತ್ರೆಗಳ ಬಗ್ಗೆ ಊರಿಗೆ ತಿಳಿಹೇಳಲು ವರ್ನಾ ಕರೆದ ಸಭೆ ಅದು. ಪರದೆಯ ಮೇಲೆ ಎರಡು ನೀಲಿ ಮಾತ್ರೆಗಳ ಚಿತ್ರ.

"ಯಾವುದು ನಕಲಿ, ಹೇಳಿ ನೋಡೋಣ," ಎಂದಳು.

"ಎಡಗಡೇದು!" ಎಂದ ಮುದುಕ ಓಟಿಸ್. "ಬಣ್ಣ ನೋಡಿದ್ರೇ ಗೊತ್ತಾಗಲ್ವೇನೇ ಹುಡುಗಿ?"

"ಎರಡೂ ನಕಲಿ, ಓಟಿಸ್ ಮಾಮ."

ವರ್ನಾ ಮೂಗಿಗೆ ಹೊಡೆಯುವ, ಫೆಂಟನಿಲ್ ಏಟನ್ನು ಇಳಿಸುವ ನಲೋಕ್ಸೋನ್ ಸ್ಪ್ರೇ ಎತ್ತಿ ಹಿಡಿದಳು. "ಇದೊಂದು ಮನೇಲಿದ್ದು, ಪಕ್ಕದಲ್ಲಿ ಒಬ್ರು ಇದ್ದಿದ್ರೆ ನನ್ನ ತಮ್ಮ ಬದುಕ್ತಿದ್ದನೇನೋ. ಮಾತ್ರೆ ಕೊಟ್ಟಿದ್ದು ಗೊತ್ತಿಲ್ಲದೋರಲ್ಲ. ನಮ್ಮೋರೇ. ಅವರ ಹೆಸರು..."

ಅವಳು ಮುಂದಿನ ಸಾಲಿನತ್ತ ತಿರುಗಿದಳು. ಬೇಕೆಂದೇ ತಡೆದಳು, ಈ ಗಳಿಗೆಯ ರುಚಿಗಾಗಿ ಎಷ್ಟು ಕಾದಿದ್ದಳು!

ನೀಲಿ ಶರ್ಟ್ ಎದ್ದು ನಿಂತಿತು.

"ನಾನೇ," ಎಂದ ಹಾರ್ಲನ್. "ಬೆನ್ನುನೋವಿಗೆ ಅಂತ ಜೊತೆ ಕೆಲಸ ಮಾಡೋನ ಹತ್ರ ತಗೊಂಡಿದ್ದೆ. ಅಸಲಿ ಅಂದ್ಕೊಂಡೇ ಕೋಲ್ಬಿಗೆ ಕೊಟ್ಟೆ. ಕೊಟ್ಟೋನು ನಾನೇ."

ಅವನು ನೋಡುತ್ತಿದ್ದದ್ದು ಅವಳನ್ನು ಮಾತ್ರ.

ಆಮೇಲೆ ಹೊರಗೆ ನಿಲ್ಲಿಸಿದ್ದ ಟ್ರಕ್ಕುಗಳ ನಡುವೆ ಅವಳು ಅವನ ಎದೆಗೆ ಗುದ್ದಿದಳು. "ಕಿತ್ಕೊಂಡ್ಯಲ್ಲೋ! ಅದು ನಾನು ಹೇಳ್ಬೇಕಿತ್ತು!"

"ಮಾತು ಬಿಟ್ಟೋಳು ಬಂದು ಮುಂದಿನ ಸಾಲು, ನೀಲಿ ಶರ್ಟ್ ಅಂದಾಗ್ಲೇ ನಿಂಗೆ ಎಲ್ಲ ಗೊತ್ತಿದೆ ಅಂತ ಗೊತ್ತಾಯ್ತು."

"ಮತ್ಯಾಕೆ ಬಂದೆ?"

"ನೀನು ಕರೆದೆಯಲ್ಲ."

ಅವಳು ಮತ್ತೆ ಗುದ್ದಿದಳು. ಅವನು ಕದಲಲಿಲ್ಲ. "ನಾಳೆ ಶೆರಿಫ್ ಹತ್ರ ಹೋಗ್ತೀನಿ. ಮಾರಿದವನ ಹೆಸರೂ ಹೇಳ್ತೀನಿ. ಒಳಗೆ ಹಾಕಿದ್ರೂ ಹಾಕ್ಲಿ."

"ಹೋಗು. ಹೊರಗೆ ಬಿಟ್ಟ ದಿನ ನೆಟ್ಟಗೆ ನನ್ನ ಹತ್ರ ಬರ್ಬೇಕು. ಈ ಕಣಿವೇಲಿ ಒಂದು ಊರೂ ಬಿಡದೆ ನನ್ನ ಪಕ್ಕ ನಿಂತ್ಕೊಂಡು ಇದನ್ನೇ ಹೇಳ್ಬೇಕು."

"ಎಲ್ಲಿವರೆಗೆ?"

"ನನ್ನ ಸಿಟ್ಟು ತೀರೋವರೆಗೆ."

"ತೀರದಿದ್ರೆ?"

ಅವಳು ಅವನ ಕಾಲರ್ ಸರಿಪಡಿಸಿದಳು, ಕತ್ತು ಬಿಗಿಯುವಷ್ಟು ಜೋರಾಗಿ. ಹಿಡಿದ ಕೈ ಬಿಡಲಿಲ್ಲ.

"ಸಾಯೋವರೆಗೂ ಪಕ್ಕದಲ್ಲೇ ನಿಂತಿರು."