ಗಾರೆ ಇಲ್ಲದ ಗೋಡೆ

ಮದುವೆ ಮಾಡಿಕೊಟ್ಟ ಮಗಳು ವಾಪಸು ಬಂದಳೆಂದು ಇದ್ದೊಂದು ಅಂಗಡಿಯನ್ನು ಎರಡು ಮಾಡುವುದೇ? ಅಪ್ಪ ಸತ್ತು ಎಷ್ಟೋ ಕಾಲವಾದರೂ ತಮ್ಮನ ಹೊಟ್ಟೆಯುರಿ ಆರಿರಲಿಲ್ಲ. ಗೋಡೆಯ ಸಿಮೆಂಟ್ ಬ್ಲಾಕ್ ಮಾಡುವ ಶೆಡ್ಡಿನಲ್ಲಿ ಅಪ್ಪನ ಜೊತೆ ಧೂಳು ಕುಡಿದವನು ಅವನು. ಅಕ್ಕ ಬಂದು ಹೊಲಿಗೆ ಯಂತ್ರ ಇಟ್ಟುಕೊಂಡು ಕೂತದ್ದೇ ತಡ, ಅಪ್ಪ ಕೋಲಿನಿಂದ ಜಾಗ ತೋರಿಸಿ, "ಇಲ್ಲಿ ಗೋಡೆ ಎಬ್ಬಿಸು. ಇನ್ಮೇಲೆ ಗೋಡೆನೇ ಗಡಿ," ಎಂದುಬಿಟ್ಟಿದ್ದ. ಅಳತೆಯಿಲ್ಲ, ಕಾಗದವಿಲ್ಲ. ಆ ಗೋಡೆಯನ್ನೂ ಇವನೇ ಕಟ್ಟಬೇಕಾಗಿ ಬಂದದ್ದು ಗಾಯಕ್ಕೆ ಉಪ್ಪು ಸವರಿದಂತಾಗಿತ್ತು.

ಇವನ ಬ್ಲಾಕಿಗೆ ಗಾರೆ ಬೇಡ. ಒಂದರ ಉಬ್ಬು ಇನ್ನೊಂದರ ಗುಳಿಯಲ್ಲಿ ಕೂತರೆ ಮುಗಿಯಿತು. ಆದರೂ ಅಂದು ಸಿಟ್ಟಿನಲ್ಲಿ ಮೇಲೆ ಸಿಮೆಂಟು ಮೆತ್ತಲು ಹೋದಾಗ ಅಕ್ಕ ತಡೆದಿದ್ದಳು.

"ಬೇಡ ಕಣೋ, ಹೀಗೇ ಇರ್ಲಿ. ನಾಳೆ ನಮ್ಮಿಬ್ಬರ ಮನಸ್ಸು ಸರಿಹೋದ್ರೆ ಬಿಚ್ಚಿಬಿಡೋಣ."

ದಾರಿ ತೋರಿಸಿದ್ದು ಆ ಮಾತೇ. ಬಿಚ್ಚಬಹುದಾದ ಗೋಡೆಯನ್ನು ಸರಿಸಲೂಬಹುದು. ಬರುವ ಬೇಸಿಗೆಗೆ ಸರ್ವೇಯರ್ ಬಂದು ಬೀದಿಯ ಅಂಗಡಿಗಳನ್ನೆಲ್ಲ ಅಳೆದು ದಾಖಲೆ ಮಾಡುವವನಿದ್ದ. ಅಂದು ಗೋಡೆ ಎಲ್ಲಿರುತ್ತದೋ ಅದೇ ಶಾಶ್ವತ. ಬಟ್ಟೆ ಕತ್ತರಿಸುವ ಮೇಜಿಗೇ ಜಾಗ ಸಾಲದಿದ್ದರೆ ಅಕ್ಕ ತಾನಾಗಿಯೇ ಗಂಟುಮೂಟೆ ಕಟ್ಟುತ್ತಾಳೆ.

ಚಳಿಗಾಲವಿಡೀ, ಅಕ್ಕ ಹೊಲಿದ ಬಟ್ಟೆ ಕೊಡಲು ಹೊರಟಾಗಲೆಲ್ಲ, ಅವನು ಮೇಲಿನಿಂದ ಒಂದೊಂದೇ ಬ್ಲಾಕ್ ಇಳಿಸಿ ಅವಳ ಕಡೆಗೆ ನಾಲ್ಕು ಬೆರಳು ಆಚೆ ಮತ್ತೆ ಜೋಡಿಸಿದ. ಉಳಿಯ ಸದ್ದಿಲ್ಲ, ಹಸಿ ಗೋಡೆಯ ವಾಸನೆಯಿಲ್ಲ. ತಳದ ಸಾಲು ಸರಿಯಿದ್ದರೆ ಮಿಕ್ಕದ್ದು ತಾನಾಗಿ ಸರಿಯಾಗುತ್ತದೆ ಎಂಬುದು ಅವನ ಕಸುಬಿನ ಪಾಠ. ಹಾಗಾಗಿ ದಾರ ಹಿಡಿದು ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಕೆಂಪು ನೆಲದ ಮೇಲೆ ಹಳೆಯ ಸಾಲು ಬಿಟ್ಟುಹೋದ ಬಿಳಿಚು ಪಟ್ಟಿಗೆ ಕೆಂಪು ಪುಡಿ, ಎಣ್ಣೆ ತಿಕ್ಕಿದ. ಗೋಡೆಯ ಎರಡು ತುದಿ ತಾಗಿದ್ದ ಕಡೆ ಉಳಿದ ಗುರುತಿಗೆ ಸುಣ್ಣದಲ್ಲಿ ಚೂರು ಮಸಿ ಬೆರೆಸಿ ಬಳಿದ. ಅಕ್ಕನ ಮೇಜು, ಸ್ಟೂಲು, ಬಟ್ಟೆಯ ಕಪಾಟು ಎಲ್ಲವನ್ನೂ ಅಷ್ಟಷ್ಟೇ ಸರಿಸಿದ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

"ನಾನೇ ದಪ್ಪ ಆಗ್ತಿದೀನೋ, ಅಂಗಡಿನೇ ಬಡವಾಗ್ತಿದೆಯೋ ಗೊತ್ತಾಗ್ತಿಲ್ಲ ಕಣೋ," ಎಂದಳು ಅಕ್ಕ ಒಮ್ಮೆ. "ಮೇಜು ಸುತ್ತಿ ಬರೋಕೇ ಆಗಲ್ಲ."

"ವಯಸ್ಸಾಯ್ತಲ್ಲಕ್ಕ."

ಅಕ್ಕ ನಕ್ಕು, ಅವನಿಗೆಂದು ಹೊಲಿದ ಅಂಗಿಯೊಂದನ್ನು ಗೋಡೆಯ ಮೇಲಿನಿಂದ ಚಾಚಿದಳು. ಮುಂದಿನ ಸಲ ಅದನ್ನೇ ತೊಟ್ಟು ಗೋಡೆ ಸರಿಸಿದ. ತೋಳು ಸಡಿಲವಾಗಿದ್ದರಿಂದ ಕೆಲಸಕ್ಕೆ ಅನುಕೂಲವಾಯಿತು.

ಮೊದಲ ಸೆಕೆಯ ದಿನವೇ ಸರ್ವೇಯರ್ ಬಂದ. ಟೇಪು ಎಳೆದ, ಬಗ್ಗಿ ನೆಲ ನೋಡಿದ.

"ಈ ಗೋಡೆ ಮೊದಲಿಂದಾನೂ ಇಲ್ಲೇ ಇದೆಯಾ?"

"ಹೌದು ಸಾರ್," ಎಂದಳು ಅಕ್ಕ, ತಮ್ಮ ಬಾಯಿ ತೆರೆಯುವ ಮೊದಲೇ. "ಅಪ್ಪನೇ ಮುಂದೆ ನಿಂತು ಕಟ್ಟಿಸಿದ್ದು."

ಹಳ್ಳಕ್ಕೆ ತಾನಾಗಿಯೇ ಬಿದ್ದಳಲ್ಲ ಎಂದು ತಮ್ಮ ಒಳಗೊಳಗೇ ನಕ್ಕ.

ಸರ್ವೇಯರ್ ಅಕ್ಕನ ಮೇಜಿನ ಮೇಲೆ ಕಾಗದ ಹರಡಿ ಕತ್ತು ಒರೆಸಿಕೊಂಡ. "ಅಯ್ಯೋ, ಮರೆತೇಬಿಟ್ಟೆ," ಎಂದು ಅಕ್ಕ ಸ್ವಿಚ್ಚು ಹಾಕಿದಳು. ಅವನ ಕಾಗದ ಮಿಸುಕಲಿಲ್ಲ. ಗೋಡೆಯಾಚೆ ತಮ್ಮನ ಮೇಜಿನ ಮೇಲಿದ್ದ ಬಿಲ್ಲುಗಳು ಹಾರಿ ಚೆಲ್ಲಾಪಿಲ್ಲಿಯಾದವು. ಇಷ್ಟು ದಿನ ನೆಲವನ್ನೇ ನೋಡುತ್ತಿದ್ದವನು ಆಗ ತಲೆ ಎತ್ತಿದ. ಇಡೀ ಅಂಗಡಿಗೆ ಇದ್ದದ್ದು ಒಂದೇ ಫ್ಯಾನು. ಮಕ್ಕಳಿಬ್ಬರಿಗೂ ಗಾಳಿ ಬರಲೆಂದು ಅಪ್ಪ ಸರಿಯಾಗಿ ಅದರ ಕೆಳಗೇ ಗೋಡೆ ಕಟ್ಟಿಸಿ, ತಾರಸಿಗೆ ಮುಟ್ಟಿಸದೆ ನಿಲ್ಲಿಸಿದ್ದ. ಚಳಿಯಲ್ಲಿ ಯಾರೂ ಅದನ್ನು ಹಾಕಿರಲಿಲ್ಲ. ಈಗ ಅದರ ಒಂದು ರೆಕ್ಕೆಯ ತುದಿಯೂ ಅಕ್ಕನ ಕಡೆ ಚಾಚುತ್ತಿರಲಿಲ್ಲ. ಸರ್ವೇಯರನ ಪೆನ್ನು ನಿಂತಿತು. ಅಕ್ಕ ಫ್ಯಾನು ನೋಡಿದಳು, ಗೋಡೆ ನೋಡಿದಳು, ಆಮೇಲೆ ತಮ್ಮನ ಮುಖ ನೋಡಿದಳು. "ಗಾಳಿ ಪೂರ್ತಿ ನಿನ್ನ ಕಡೆಗೇ ಬರ್ತಿದೆಯಲ್ಲೋ," ಎಂದಳು.