ಹನ್ನೊಂದನೇ ಫೋಟೋ

“ಫೋಟೋ ಎಲ್ಲೈತೋ ಬಕ್ಕೇಶ? ಬರೇ ಡಬ್ಬಿ ಕಾಣ್ತೈತೆ, ಡಬ್ಬಿಯೊಳಗೊಂದು ಕೆಂಪು ಇಂಟು ಮಾರ್ಕು!” ನಾಗಭೂಷಣ್ ಪೆನ್ನಿನ ತುದಿಯಿಂದ ಪರದೆಯ ಮೇಲೆ ಟಕಟಕ ಬಡಿದರು.

“ನಮ್ಮನ್ಯಾಗೆ ಕಾಣ್ತಿತ್ರೀ ಸರ್. ದೇವ್ರಾಣೆ.”

“ನಿಮ್ಮನ್ಯಾಗೆ ಎಲ್ಲಾ ಕಾಣ್ತೈತಪ್ಪ. ನಮಗೆ ಕಾಣ್ಬೇಕಲ್ಲ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸರೋಜಾ ಮಾತ್ರ ನಗಲಿಲ್ಲ. ಸೋಲುವ ಹೊತ್ತಿಗೆ ಬಕ್ಕೇಶ್ ಎಡಗೈಯಿಂದ ಕಾಲರ್ ಸರಿಮಾಡಿಕೊಳ್ಳುತ್ತಾನೆ, ಆಮೇಲೆ ಕಳ್ಳನಂತೆ ತನ್ನ ಕಡೆ ಒಮ್ಮೆ ನೋಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಕಾಲರ್ ಆಯಿತು. ನೋಟವೂ ಬಂತು. ಅವಳು ತಟ್ಟನೆ ಫ್ಯಾನಿನ ಕಡೆ ನೋಡಿದಳು.

ದಾವಣಗೆರೆಯ ಅಶೋಕ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾಗಭೂಷಣ್ ಅವರ ಕಂಪ್ಯೂಟರ್ ಸೆಂಟರ್. ತೊಂಬತ್ತೊಂಬತ್ತನೇ ಇಸವಿಯ ಆ ದಿನಗಳಲ್ಲಿ ವೆಬ್‌ಸೈಟ್ ಎಂದರೆ ಏನೆಂದು ಕೇಳುವವರೇ ಹೆಚ್ಚು, ಮಾಡುವವರು ಬೆರಳೆಣಿಕೆ. ಆ ಬೆರಳೆಣಿಕೆಯವರೆಲ್ಲ ಪ್ರತಿ ತಿಂಗಳ ಮೊದಲ ಭಾನುವಾರ ಹನ್ನೊಂದಕ್ಕೆ ಅಲ್ಲಿ ಸೇರುತ್ತಿದ್ದರು. ಧೂಳು ಬಂದರೆ ಯಂತ್ರ ಕೆಡುತ್ತದೆಂದು ಚಪ್ಪಲಿ ಬಾಗಿಲಾಚೆ. ಅವರವರು ಮಾಡಿದ ಪೇಜು ಫ್ಲಾಪಿಯಲ್ಲಿ. ಪೇಜನ್ನು ಎಲ್ಲರಿಗೂ ತೋರಿಸಿದ ಮೇಲೆ ಅದರ ಹಿಂದಿನ ಸೋರ್ಸ್, ಅಂದರೆ ಪೇಜು ಮೂಡಿಸುವ ಆದೇಶಗಳ ಸಾಲುಗಳನ್ನು ತೆಗೆದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಂದು ಸಾಲೂ ಬಿಡದೆ ಗಟ್ಟಿಯಾಗಿ ಓದಬೇಕು. ಬರೆದವನ ಕಣ್ಣಿಗೆ ತಪ್ಪಿಸಿಕೊಂಡ ತಪ್ಪು ಓದುವವರ ಬಾಯಿಗೆ ಸಿಗುತ್ತದೆ ಎನ್ನುವುದು ನಾಗಭೂಷಣ್ ಸಿದ್ಧಾಂತ. ಹೆಚ್ಚು ತಪ್ಪು ಮಾಡಿದವರು ಕೆಳಗಿಳಿದು ಹೋಗಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಬೇಕು.

“ಸರೋಜಮ್ಮ, ಈ ಸಲ ಇವನ್ದು ನೀನ್ ಓದು. ಬಿಡಬ್ಯಾಡ, ಜಾಲಾಡು.”

ಸರೋಜಾ ಕುರ್ಚಿ ಎಳೆದುಕೊಂಡಳು. ಹರಿಹರದ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಹುಡುಗಿ, ಓದುವ ಧ್ವನಿ ಸ್ಪಷ್ಟ. ಅವಳ ಪಕ್ಕ ಬೋರ್ಡ್ ಬರೆಯುವ ಜಮಾಲ್ ಸಾಬ್ ಕೂತಿದ್ದರು. ಐವತ್ತು ದಾಟಿದ ಅವರು, ಕುಂಚದ ಕೆಲಸ ಕಡಿಮೆಯಾದ ಮೇಲೆ ಇದನ್ನಾದರೂ ಕಲಿಯೋಣವೆಂದು ಬರುತ್ತಿದ್ದವರು. ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು.

ಐದು ಸಾಲು ಓದಿದಳು. ಆರನೆಯದಕ್ಕೆ ಧ್ವನಿ ನಿಂತಿತು.

ಫೋಟೋ ಎಲ್ಲಿದೆ ಎಂದು ಪೇಜಿಗೆ ತಿಳಿಸುವ ಸಾಲು ಅದು. ಫ್ಲಾಪಿಯಲ್ಲಿ ಪೇಜಿನ ಜೊತೆಗೇ ಫೋಟೋವನ್ನೂ ಇಟ್ಟು, ಬರೀ ಅದರ ಹೆಸರು ಕೊಡಬೇಕಿತ್ತು. ಬಕ್ಕೇಶ್ ಆತುರದಲ್ಲಿ ತನ್ನ ಮನೆಯ ಕಂಪ್ಯೂಟರಿನ ವಿಳಾಸವನ್ನೇ ಉಳಿಸಿಬಿಟ್ಟಿದ್ದ. ಅವನ ಮನೆಯ ಸಿ ಡ್ರೈವ್. ಅದರೊಳಗೆ ಅವನ ಹೆಸರಿನ ಫೋಲ್ಡರ್. ಅದರೊಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೆಸರಿನ ಇನ್ನೊಂದು ಫೋಲ್ಡರ್: ‘ಸರೋಜಾಗೆ’. ಅದರೊಳಗೆ ‘ಹನ್ನೊಂದು’ ಎಂಬ ಫೋಟೋ.

“ಆ ಸಾಲು ಬಿಡ್ರಿ,” ಹಿಂದಿನಿಂದ ಬಕ್ಕೇಶನ ಧ್ವನಿ ಬಂತು, ಒಣಗಿದ ಧ್ವನಿ. “ಮುಂದಿಂದು ಓದ್ರಿ.”

“ಬಿಡಂಗಿಲ್ಲ! ರೂಲ್ ಅಂದ್ರೆ ರೂಲ್,” ಎಂದರು ನಾಗಭೂಷಣ್.

ಸರೋಜಾಳ ಕಿವಿ ಬಿಸಿಯಾದವು. ಹನ್ನೊಂದು ತಿಂಗಳಿಂದ ಇವನ ಜೊತೆ ಜಗಳವಾಡಿದ್ದೇ ಆಡಿದ್ದು. ಮೊದಲ ದಿನ, ಪರದೆಯ ತುಂಬ ಓಡಾಡುವ ಅಕ್ಷರ ಹಾಕಿಕೊಂಡು ಬಂದಿದ್ದಳು. “ನಿಮ್ ಅಕ್ಷರ ಹರಿಹರದ ಬಸ್ ಇದ್ದಂಗೈತ್ರೀ, ಬೋರ್ಡ್ ಓದೋದ್ರೊಳಗೆ ಹೊರಟೋಗ್ತೈತೆ,” ಎಂದಿದ್ದ ಬಕ್ಕೇಶ್. ಮದುವೆ ಕಾರ್ಡ್ ಮಾಡುವ ಪ್ರೆಸ್ಸಿನಲ್ಲಿ ಕೆಲಸ ಅವನದು. ಕುಂಕುಮದ ಬಣ್ಣದ ಮೇಲೆ ಹಳದಿ ಅಕ್ಷರ ತುಂಬಿದ್ದ ಅವನ ಪೇಜು ನೋಡಿ ಅವಳೂ ಬಿಟ್ಟಿರಲಿಲ್ಲ: “ಹುಷಾರಾಗಿ ತೆಗೀರಿ ಸರ್, ಒಳಗಿಂದ ಅಕ್ಷತೆ ಉದುರೀತು.” ಹೀಗೇ ನಡೆದಿತ್ತು. ಭಾನುವಾರ ಮುಗಿದು ಸೋಮವಾರ ಬಂದರೆ ಅವಳು ಮುಂದಿನ ಜಗಳಕ್ಕೆ ಮಾತು ಹುಡುಕುತ್ತಿದ್ದಳು.

ಇವತ್ತು ಬೆಳಿಗ್ಗೆ ಅವ್ವ ಮೈಲಮ್ಮ ಕೈಗೆ ತಲೆಹೂವು ಕೊಡುತ್ತ ಹೇಳಿದ್ದಳು: “ರಾಣೆಬೆನ್ನೂರಿನೋರು ಬರೋ ಐತ್ವಾರ ನೋಡಾಕೆ ಬರ್ತಾರಂತೆ. ಬರ್ಲೋ ಬ್ಯಾಡೋ, ಸಂಜಿಗೆ ಫೋನ್ ಮಾಡಿ ಹೇಳ್ಬೇಕು. ನಿನ್ ಮನಸ್ನಾಗೆ ಏನೈತೆ ಅದನ್ನ ಬಂದು ಹೇಳು.” ಅವರ ನಂಬರಿನ ಚೀಟಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿತ್ತು. ತನ್ನ ಮನಸ್ಸಿನಲ್ಲಿ ಏನಿದೆಯೋ ಸರೋಜಾಳಿಗೆ ಗೊತ್ತಿತ್ತು. ಇನ್ನೊಬ್ಬನ ಮನಸ್ಸಿನಲ್ಲಿರುವುದು ಗೊತ್ತಿರಲಿಲ್ಲ. ಈಗ ಕಣ್ಣೆದುರಿಗೇ ಇದೆ, ಹತ್ತು ಜನರ ನಡುವೆ.

“ಪಾತ್ ತಪ್ಪೈತೆ ಸರ್,” ಎಂದಳು. “ಫೋಟೋ ಇವರ ಮನಿ ಕಂಪ್ಯೂಟರ್‌ನಾಗೇ ಉಳ್ಕಂಡೈತೆ.” ಕೀಲಿ ಒತ್ತಿ ಆ ಸಾಲನ್ನು ಮೇಲಕ್ಕೆ ಸರಿಸಿ, ಏಳನೆಯದನ್ನು ಓದತೊಡಗಿದಳು.

“ಥೂ ನಿನ್ನ! ಹೋದ ತಿಂಗ್ಳು ಇದೇ ತಪ್ಪಿಗೆ ನಮಗೆಲ್ಲ ಪಾಠ ಮಾಡಿದ್ದಿ. ನಡಿ, ಮಂಡಕ್ಕಿ ತಗಂಬಾ!” ತಪ್ಪು ಸಿಕ್ಕ ಖುಷಿಯಲ್ಲಿ ನಾಗಭೂಷಣ್ ಬಕ್ಕೇಶನನ್ನು ಗದರಿದರು.

ಜಮಾಲ್ ಸಾಬ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: “ಮೂವತ್ತು ವರ್ಷ ಅಕ್ಷರ ಬರ್ದೀನಿ ತಂಗೆವ್ವ. ಎಷ್ಟೋ ಹೆಸರು ಬರ್ದೆ. ಇಷ್ಟು ಸಣ್ಣ ಅಕ್ಷರದಾಗೆ ಇಷ್ಟು ದೊಡ್ಡ ಬೋರ್ಡ್ ನಾನು ನೋಡಿಲ್ಲ.”

ಎರಡು ಗಂಟೆಗೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಇಳಿದರು. ಸರೋಜಾ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಹಿಂದೆ ಹೆಜ್ಜೆ ಸದ್ದು ಕೇಳಿತು. ನಿಧಾನ ಮಾಡಿದಳು, ತಿರುಗಲಿಲ್ಲ.

“ನೀವು ಓದ್ಲಿಲ್ಲ,” ಎಂದ ಬಕ್ಕೇಶ್, ಪಕ್ಕಕ್ಕೆ ಬಂದು.

“ಓದಿದೆ. ಗಟ್ಟಿಯಾಗಿ ಓದ್ಲಿಲ್ಲ.”

ಅವನು ಕಾಲರಿಗೆ ಕೈ ಹಾಕಿದ. “ಕಾಲರ್ ಸರಿ ಐತೆ ಬಿಡ್ರಿ,” ಎಂದಳು ಸರೋಜಾ. ಕೈ ಕೆಳಗಿಳಿಯಿತು.

“ಏನದಾವೆ ಆ ಫೋಲ್ಡರ್‌ನಾಗೆ?”

“ಫೋಟೋ. ತಿಂಗಳಿಗೊಂದು. ಮೀಟಿಂಗ್‌ನಾಗೆ ನೀವು ಏನೋ ಒಂದು ಮಾತು ಹೇಳಿರ್ತೀರಿ. ಚೌಕಿಪೇಟೆ ಎಣ್ಣೆ ಅಂಗಡಿ ಬೋರ್ಡಿನ ‘ಣ’ ಎಷ್ಟು ಚೆಂದೈತೆ ಅಂದಿದ್ರಿ. ಹೋಗಿ ತೆಗೆದೆ. ಬೆಳಿಗ್ಗೆ ಹರಿಹರದಾಗೆ ಹೊಳಿ ಮ್ಯಾಲೆ ಮಂಜು ಕೂತಿರ್ತೈತೆ ಅಂದಿದ್ರಿ. ಫಸ್ಟ್ ಬಸ್ಸಿಗೆ ಬಂದು ತೆಗೆದೆ.”

“ಹರಿಹರಕ್ಕೆ ಬಂದಿದ್ರಾ?”

“ನಾಲ್ಕು ಸಲ. ಮೂರು ಸಲ ಮಂಜೇ ಇರ್ಲಿಲ್ಲ.”

ಅವಳಿಗೆ ನಗು ಬಂತು. ದುಪಟ್ಟಾದ ಅಂಚಿನಲ್ಲಿ ಅಡಗಿಸಿಕೊಂಡಳು. “ಹನ್ನೊಂದನೇದು?”

“ಚಪ್ಪಲಿ.”

“ಏನು?”

“ನಮ್ ಮೀಟಿಂಗ್ ಬಗ್ಗೆ ಪೇಜ್ ಅಲ್ವಾ. ಮುಖ ಹಾಕಿದ್ರೆ ನಂದು ಚೆನ್ನಾಗಿಲ್ಲ ಅಂತ ಜಗಳಕ್ಕೆ ಬರ್ತಾರೆ. ಅದಕ್ಕೆ ಬಾಗ್ಲಾಗೆ ಬಿಟ್ಟಿರೋ ಚಪ್ಪಲಿ ಸಾಲು ತೆಗೆದೆ. ಪಿನ್ ಹಾಕಿರೋವು ನಿಮ್ಮವು. ಪಕ್ಕದಾಗೆ ನನ್ನವು. ನಾನ್ ಇಟ್ಟಿದ್ದಲ್ಲ, ಹಂಗೇ ಇದ್ವು.”

“ಸುಳ್ಳು.”

“ಹೂಂ. ಸುಳ್ಳು.”

ಇಬ್ಬರೂ ಸ್ವಲ್ಪ ದೂರ ನಡೆದರು. ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಝಣಝಣ ಎನ್ನುತ್ತಿತ್ತು. ಬಸ್ ಸ್ಟ್ಯಾಂಡಿನ ಗೇಟು ಬಂತು. ಇನ್ನು ಹೇಳದಿದ್ದರೆ ಆಗುವುದಿಲ್ಲವೆಂದು ಸರೋಜಾ ರಾಣೆಬೆನ್ನೂರಿನವರ ವಿಷಯ ಹೇಳಿದಳು. ಬರುವ ಭಾನುವಾರ. ಸಂಜೆಯ ಫೋನು.

ಬಕ್ಕೇಶ್ ನಿಂತುಬಿಟ್ಟ. ಅವನ ಮುಖದ ಬೆಳಕು ಕರೆಂಟು ಹೋದಂತೆ ಹೋಯಿತು. “ಒಳ್ಳೇದಾತಲ್ರಿ,” ಎಂದ.

ಅವಳಿಗೆ ಎಲ್ಲಿತ್ತೋ ಸಿಟ್ಟು. “ಒಳ್ಳೇದಾತಾ? ಹನ್ನೊಂದು ಫೋಟೋ ತೆಗೆದು ಮನ್ಯಾಗೆ ಮುಚ್ಚಿಟ್ಕಂಡು, ಈಗ ಒಳ್ಳೇದಾತಾ?”

“ಏನ್ ಹೇಳ್ಲಿ ಸರೋಜಾ ಅವ್ರೇ. ನಮ್ಮಪ್ಪಂದು ಅಕ್ಕಿ ಮಂಡಿ. ಜಾತಿ, ಮಠ, ನಂಟ್ರು ಅಂತ ನೂರೆಂಟು. ನಿಮ್ ತಂದೆಯೋರು ಫ್ಯಾಕ್ಟರಿನಾಗೆ ಕೆಲಸ ಮಾಡೋರು. ಮೊದ್ಲು ಮನ್ಯಾಗೆ ಒಪ್ಪಿಸ್ಬೇಕು, ಆಮ್ಯಾಲೆ ನಿಮಗೆ ಹೇಳ್ಬೇಕು ಅಂತ...”

“ಒಪ್ಪಿಸಾಕೆ ಶುರು ಮಾಡೀರಾ?”

ಅವನು ತಲೆ ಅಲ್ಲಾಡಿಸಿದ. ಇಲ್ಲ.

“ನೋಡ್ರಿ, ಇಲ್ಲೂ ಅದೇ ತಪ್ಪು ನಿಮ್ದು,” ಎಂದಳು ಸರೋಜಾ. ಸಿಟ್ಟು ಇಳಿದು ಧ್ವನಿ ಮೆತ್ತಗಾಗಿತ್ತು. “ನಿಮ್ ಮಷೀನ್‌ನಾಗೆ ಎಲ್ಲಾ ಚೆಂದ ಕಾಣ್ತೈತೆ. ಅದಕ್ಕೆ ಎಲ್ರಿಗೂ ಕಾಣ್ತೈತೆ ಅನ್ಕಂಡೀರಿ. ನನಗೆ ಹನ್ನೊಂದು ತಿಂಗಳಿಂದ ಬರೇ ಇಂಟು ಮಾರ್ಕ್ ಕಂಡೈತೆ. ನಮ್ಮವ್ವಗೆ ಅದೂ ಇಲ್ಲ.”

ಹರಿಹರದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಸರೋಜಾ ಹತ್ತಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದಳು. ಅವನು ನಿಂತಿದ್ದ ಜಾಗ ಖಾಲಿ. ಸರಿ, ಎಂದುಕೊಂಡು ಟಿಕೆಟ್ಟಿನ ಚಿಲ್ಲರೆ ಎಣಿಸತೊಡಗಿದಳು.

“ಸ್ವಲ್ಪ ಸರೀರಿ.”

ಬಕ್ಕೇಶ್ ಪಕ್ಕದಲ್ಲಿ ಕೂತ, ಏದುಸಿರು ಬಿಡುತ್ತ. ಕಂಡಕ್ಟರ್ ಬಂದಾಗ, “ಎರಡು ಹರಿಹರ,” ಎಂದ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: “ನಿಮ್ಮವ್ವಾರು ಬೈತಾರೇನ್ರೀ?” ಅವಳು ಹೇಳಿದ್ದೂ ಒಂದೇ: “ಬೈದ್ರೆ ಚಲೋ. ಸುಮ್ನಾದ್ರೆ ಕಷ್ಟ.”

ಹರಿಹರದಲ್ಲಿ ಸರೋಜಾಳ ಮನೆಯ ಬಾಗಿಲಲ್ಲಿ ಅವನು ಚಪ್ಪಲಿಯನ್ನು ದೂರದ ಮೂಲೆಯಲ್ಲಿ ಬಿಟ್ಟ. ಸರೋಜಾ ಕಾಲಿನಿಂದ ಅವನ್ನು ತನ್ನವುಗಳ ಪಕ್ಕಕ್ಕೆ ತಳ್ಳಿ ಒಳಗೆ ಹೋದಳು.

ಅಪ್ಪ ಉಚ್ಚೆಂಗಪ್ಪ ರೇಡಿಯೋ ಬಿಚ್ಚಿಕೊಂಡು ಕೂತಿದ್ದ. “ಕೂಡ್ರಿ,” ಎಂದು ಕುರ್ಚಿ ತೋರಿಸಿದ. ಅದರ ಒಂದು ಕಾಲು ಗಿಡ್ಡ. ಬಕ್ಕೇಶ್ ಕೂತೊಡನೆ ಕಟಕ್ ಎಂದು ವಾಲಿತು. ಅವನು ಮಾತಾಡಿದಷ್ಟು ಹೊತ್ತೂ ಕುರ್ಚಿ ಕಟಕಟ ಎನ್ನುತ್ತಲೇ ಇತ್ತು. ಹೆಸರು, ಊರು, ಪ್ರೆಸ್ಸು, ದೇವರಾಜ ಅರಸು ಬಡಾವಣೆಯ ಮನೆ, ಭಾನುವಾರದ ಮೀಟಿಂಗು, ಹನ್ನೊಂದು ಫೋಟೋ. ಒಂದನ್ನೂ ಬಿಡಲಿಲ್ಲ. ಕೊನೆಗೆ, “ನಿಮ್ ಮಗಳು ನನಗೆ ಬೇಕ್ರಿ,” ಎಂದ.

ಮೈಲಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. “ನಿಮ್ಮಪ್ಪಾರಿಗೆ ಹೇಳೀರೇನು?”

“ಇಲ್ರಿ. ಇವತ್ತು ಹೋಗಿ ಹೇಳ್ತೀನಿ.”

“ಮೊದ್ಲು ಅಲ್ಲಿ ಹೇಳಿ ಇಲ್ಲಿಗೆ ಬರ್ಬೇಕಿತ್ತು.”

“ತಪ್ಪಾತ್ರೀ. ಸಂಜಿಗೆ ಫೋನ್ ಹೋಗ್ತೈತೆ ಅಂದ್ರು, ಓಡಿ ಬಂದೆ.”

ಅವ್ವ ಮಗಳ ಮುಖ ನೋಡಿದಳು. ಸರೋಜಾ ಕಣ್ಣು ತಗ್ಗಿಸಲಿಲ್ಲ. “ನನ್ ಮನಸ್ನಾಗೂ ಅದೇ ಐತವ್ವ,” ಎಂದಳು. “ಬಂದು ಹೇಳು ಅಂದಿದ್ದಿಯಲ್ಲ.”

ಉಚ್ಚೆಂಗಪ್ಪ ರೇಡಿಯೋದ ತಿರುಪು ಕೆಳಗಿಟ್ಟ. “ಬರೋ ಐತ್ವಾರ ನಿಮ್ಮಪ್ಪಾರು ಬರ್ತಾರೇನು?”

“ಕರ್ಕಂಬರ್ತೀನ್ರಿ,” ಎಂದ ಬಕ್ಕೇಶ್. ಕುರ್ಚಿ ಕಟಕ್ ಎಂದಿತು. “ಅವ್ರು ಬರ್ಲಿಲ್ಲ ಅಂದ್ರೂ ನಾನು ಬರ್ತೀನಿ.”

 ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು.

ಉಚ್ಚೆಂಗಪ್ಪ ಎದ್ದು ಗೋಡೆಯ ಹತ್ತಿರ ಹೋದ. ಕ್ಯಾಲೆಂಡರಿನ ಹಿಂದೆ ಕೈ ಹಾಕಿ ರಾಣೆಬೆನ್ನೂರಿನ ಚೀಟಿ ಹೊರತೆಗೆದ. ಅದನ್ನು ಎರಡು ಮಡಿಕೆ ಮಾಡಿದ, ನಾಲ್ಕು ಮಾಡಿದ, ಎಂಟು ಮಾಡಿದ. ಆಮೇಲೆ ಮೊಣಕಾಲೂರಿ ಬಗ್ಗಿ, ಬಕ್ಕೇಶ್ ಕೂತಿದ್ದ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ಅದನ್ನು ಭದ್ರವಾಗಿ ತೂರಿಸಿದ.